ಮೂರು ಮೊಳದ ಬಾಗಿಲು

ನದಿಯ ದಡದಲ್ಲಿ ಕಟ್ಟಡವಿದ್ಯೆ ಕಲಿಸುವ ಒಂದು ಆಶ್ರಮವಿತ್ತು. ಅಲ್ಲಿನ ಮೊದಲ ಮೊಳಕೋಲು ಸ್ವರ್ಗದಿಂದ ಇಳಿದುಬಂದದ್ದೆಂದು ಹೇಳುತ್ತಾರೆ. ಇಳಿದದ್ದನ್ನು ಕಂಡವರ ಹೆಸರನ್ನು ಮಾತ್ರ ಯಾರೂ ಹೇಳುವುದಿಲ್ಲ.

ಉಳಿದ ಕೋಲುಗಳ ಮೂಲ ಸ್ಪಷ್ಟವಾಗಿತ್ತು. ಶಿಷ್ಯರು ಸೇರಿದ ದಿನವೇ ಗುರು ಅರ್ಕಾಚಾರ್ಯರು ಅವರವರ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಅಳೆದು, ಒಬ್ಬೊಬ್ಬರಿಗೂ ಒಂದೊಂದು ಬಿದಿರುಕೋಲು ಕತ್ತರಿಸಿ ಕೊಡುತ್ತಿದ್ದರು.

ಸುವ್ರತೆ ನಕ್ಷೆ ಬರೆಯಲು ಕಲಿತಳು, ಭೋಗಣ್ಣ ಗೋಡೆ ಕಟ್ಟಲು, ಕೇತ ಮರಗೆಲಸ. ಮೂರು ವರ್ಷ, ಮೂರು ಬೇರೆ ಬೇರೆ ಚಾವಡಿಗಳಲ್ಲಿ.

ಕೊನೆಗೆ ಗುರುಗಳು ಹೇಳಿದರು: “ಮೂವರೂ ಸೇರಿ ದಾರಿಹೋಕರಿಗೊಂದು ಕೋಣೆ ಕಟ್ಟಿ. ಬಾಗಿಲು ಸರಿಯಾಗಿ ಕೂತರೆ ಮೂವರಿಗೂ ಬೀಳ್ಕೊಡುಗೆ. ಕೂರದಿದ್ದರೆ ಮೂವರಿಗೂ ಇನ್ನೊಂದು ವರ್ಷ.”

ಸುವ್ರತೆಗೆ ಆತುರ. ನದಿಯಾಚೆಯ ಊರಿನವರು ಪಾಠಶಾಲೆ ಕಟ್ಟಲು ಅವಳನ್ನು ಕರೆದಿದ್ದರು. ಹುಣ್ಣಿಮೆಗೆ ದೋಣಿ ಬರುವುದಿತ್ತು. ನಕ್ಷೆಯಲ್ಲಿ ಬಾಗಿಲಿನ ಅಗಲ ‘ಮೂರು ಮೊಳ’ ಎಂದು ಅಂದವಾಗಿ ಬರೆದುಕೊಟ್ಟು ತನ್ನ ಚಾವಡಿಗೆ ಹಿಂದಿರುಗಿದಳು.

ಹುಣ್ಣಿಮೆಗೆ ಐದು ದಿನವಿರುವಾಗ ಕೇತ ಬಾಗಿಲಿನ ಚೌಕಟ್ಟನ್ನು ಹೊತ್ತು ತಂದ. ಗೋಡೆಯ ತೆರವಿನಲ್ಲಿ ನಿಲ್ಲಿಸಿದರೆ ಪಕ್ಕದಲ್ಲಿ ನಾಲ್ಕು ಬೆರಳಿನಷ್ಟು ಸಂದು. ಆಶ್ರಮದ ಬಡಕಲು ಬೆಕ್ಕು ಅದರಲ್ಲಿ ಒಳಹೊಕ್ಕು, ಸುತ್ತ ನೋಡಿ, ಹೊರಬಂತು.

“ಮೊದಲ ಅತಿಥಿಗಳು ಬಂದುಹೋದರು,” ಎಂದ ಕೇತ. “ಭೋಗಣ್ಣ, ನೀನು ಕಟ್ಟಿದ್ದು ಕೋಣೆಯೋ, ಆನೆಲಾಯವೋ?”

“ನೀನು ತಂದದ್ದು ಬಾಗಿಲೋ, ಕಿಟಕಿಯೋ?” ಎಂದ ಭೋಗಣ್ಣ.

ಇಬ್ಬರೂ ಅಳೆದರು. ಭೋಗಣ್ಣನ ಕೋಲಿಗೆ ತೆರವು ಮೂರು ಮೊಳ. ಕೇತನ ಕೋಲಿಗೆ ಚೌಕಟ್ಟು ಮೂರು ಮೊಳ. ಗದ್ದಲ ಕೇಳಿ ಓಡಿಬಂದ ಸುವ್ರತೆ ತನ್ನ ಕೋಲಿನಿಂದ ಅಳೆದಳು: ಅದು ಹೆಚ್ಚು, ಇದು ಕಡಿಮೆ.

“ಇಬ್ಬರದೂ ತಪ್ಪು,” ಎಂದಳು. ಹೇಳುವಾಗ ಸ್ವಲ್ಪ ಸಂತೋಷವೂ ಆಯಿತು. ಮರುಕ್ಷಣ ದೋಣಿ ನೆನಪಾಗಿ ಅದು ಇಳಿದುಹೋಯಿತು.

ಗುರುಗಳು ಬಂದರು. “ಯಾರದು ತಪ್ಪು?”

“ನನ್ನದಲ್ಲ,” ಎಂದರು ಮೂವರೂ ಒಟ್ಟಿಗೆ.

“ಹಾಗಾದರೆ ಬಾಗಿಲಿನದೇ ಇರಬೇಕು. ಬೈಯಿರಿ ಅದನ್ನು.”

ಕೇತ ನಿಜಕ್ಕೂ ಬೈದ. “ಎಲೈ ಬಾಗಿಲೇ, ಎಂಟು ದಿನ ನಿನ್ನ ಮೈ ಉಜ್ಜಿದ್ದಕ್ಕೆ ಇದೇ ಏನು ಕೃತಜ್ಞತೆ?”

ಭೋಗಣ್ಣನಿಗೂ ನಗು ತಡೆಯಲಾಗಲಿಲ್ಲ. ಸುವ್ರತೆ ನಗಲಿಲ್ಲ. ಮೂರು ಕೋಲುಗಳನ್ನೂ ತೆಗೆದುಕೊಂಡು ನೆಲದ ಮೇಲೆ ಪಕ್ಕಪಕ್ಕದಲ್ಲಿ ನಿಲ್ಲಿಸಿದಳು. ಒಂದು ಉದ್ದ, ಒಂದು ಗಿಡ್ಡ, ಒಂದು ನಡುವೆ. ಮೂರು ವರ್ಷದಲ್ಲಿ ಯಾರೂ ಹಾಗೆ ನಿಲ್ಲಿಸಿ ನೋಡಿರಲಿಲ್ಲ.

“ಗುರುಗಳೇ, ನಿಮ್ಮ ತೋಳಿನ ಅಳತೆ ಕೊಡಿ. ಅದನ್ನೇ ಹಿಡಿಯುತ್ತೇವೆ.”

ಗುರುಗಳು ಎರಡೂ ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡರು. “ಕಟ್ಟುತ್ತಿರುವವನು ನಾನಲ್ಲವಲ್ಲ, ತಾಯಿ.”

“ಹಾಗಾದರೆ ನನ್ನ ಕೋಲು,” ಎಂದ ಭೋಗಣ್ಣ.

“ಅದೇಕೆ ನಿನ್ನದು?” ಎಂದ ಕೇತ.

ಸುವ್ರತೆ ಗೋಡೆಯ ಬಳಿ ಬಿದ್ದಿದ್ದ ದಾರದುಂಡೆಯನ್ನು ಎತ್ತಿಕೊಂಡಳು. ದಾರವನ್ನು ಭೋಗಣ್ಣನ ತೋಳಿಗೆ ಹಿಡಿದಳು. ಅಲ್ಲಿಂದ ಮುಂದಕ್ಕೆ ಕೇತನ ತೋಳಿಗೆ. ಅಲ್ಲಿಂದ ಮುಂದಕ್ಕೆ ತನ್ನ ತೋಳಿಗೆ. ಒಟ್ಟು ಉದ್ದವನ್ನು ಕತ್ತರಿಸಿ ಮೂರು ಸಮ ಮಡಿಕೆ ಮಾಡಿದಳು. ಒಂದು ಮಡಿಕೆಯಷ್ಟು ಉದ್ದದ ಹೊಸ ಕೋಲು ಸಿದ್ಧವಾಯಿತು. ಅದು ಯಾರ ಕೋಲಿಗೂ ಸರಿಹೊಂದಲಿಲ್ಲ. ಅವಳದಕ್ಕೂ ಒಂದು ಗೋಧಿಕಾಳಿನಷ್ಟು ವ್ಯತ್ಯಾಸ.

ಮುಂದೆ ಅವಳು ಚಾವಡಿಯ ಕಡೆ ತಲೆ ಹಾಕಲಿಲ್ಲ. ಭೋಗಣ್ಣ ತೆರವನ್ನು ಕಿರಿದು ಮಾಡಿದ. ಕೇತ ಚೌಕಟ್ಟಿಗೆ ಪಟ್ಟಿ ಜೋಡಿಸಿದ. ಅವಳು ಕೋಲು ಹಿಡಿದು ಇಬ್ಬರ ನಡುವೆ ಓಡಾಡುತ್ತ ಮೈಯೆಲ್ಲ ಗಾರೆ ಮಾಡಿಕೊಂಡಳು. ಐದನೆಯ ದಿನ ಬೆಳಿಗ್ಗೆ ಬಾಗಿಲು ಕೂತಿತು. ಬೆಕ್ಕು ಹೊರಗೇ ಉಳಿದು ಕೂಗಿಕೊಂಡಿತು.

ದೋಣಿ ಬಂತು. ಸುವ್ರತೆ ಹೊಸ ಕೋಲನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಗುರುಗಳಿಗೆ ನಮಸ್ಕರಿಸಿದಳು.

“ಅದೇನಮ್ಮ?”

“ಮೊಳಕೋಲು, ಗುರುಗಳೇ. ಎಲ್ಲರಿಗೂ ಒಪ್ಪುವ ಅಳತೆ ಕೊನೆಗೂ ಸಿಕ್ಕಿತು. ಇನ್ನು ಎಲ್ಲಿಯೂ ತಪ್ಪಾಗುವುದಿಲ್ಲ.”

ಗುರುಗಳು ಕೋಲನ್ನು ಅವಳಿಂದ ತೆಗೆದುಕೊಂಡು, ದಡದಲ್ಲಿ ಚಿಗುರುತ್ತಿದ್ದ ಎಳೆಯ ಅವರೆಬಳ್ಳಿಗೆ ಆಸರೆಯಾಗಿ ನೆಟ್ಟರು.

“ಅಲ್ಲಿ ನಿನ್ನ ಜೊತೆ ಕೆಲಸ ಮಾಡುವವರು ಎಷ್ಟು ಮಂದಿ?”

“ಏಳು ಮಂದಿ.”

“ಹಾಗಾದರೆ ದಾರವನ್ನು ಸ್ವಲ್ಪ ಉದ್ದವಾಗಿಯೇ ತೆಗೆದುಕೊ.”