ಒಂದೇ ಮರದ ಮೂವರು ವೈದ್ಯರು

ಇಟ್ಟಿಗೆ ಹೊತ್ತು ಮುದಿಯಾದ ಕತ್ತೆಗೆ ಮೂರು ವರ್ಷದಿಂದ ಬೆನ್ನುನೋವು. ಆಲದ ಮರದಲ್ಲಿ ಮೂವರು ವೈದ್ಯರಿದ್ದರು. ಮೂಳೆ ನೋಡುವ ಮರಕುಟಿಗ, "ದಿನಾ ನಡೆ" ಎಂದಿತು. ನರ ನೋಡುವ ಜೇಡ, "ಅಲುಗಾಡದೆ ಮಲಗು" ಎಂದಿತು. ಮನಸ್ಸು ನೋಡುವ ಗೂಬೆ, "ನೋವೆಲ್ಲ ನಿನ್ನ ಭ್ರಮೆ" ಎಂದುಬಿಟ್ಟಿತು.

"ಯಾರ ಮಾತು ಕೇಳಲಿ?" ಎಂದರೆ ಮೂವರೂ, "ಉಳಿದಿಬ್ಬರನ್ನೇ ಕೇಳಿಕೊಂಡು ಬಾ" ಎಂದು ಅಟ್ಟಿದರು.

ಕತ್ತೆಗೆ ಪಿತ್ತ ನೆತ್ತಿಗೇರಿತು. ಬೆನ್ನು ಚಳಕ್ಕೆಂದರೂ ಲೆಕ್ಕಿಸದೆ ಮರದ ಬುಡಕ್ಕೆ ಜಾಡಿಸಿ ಒದೆಯಿತು. ಮೂವರೂ ಗಾಬರಿಯಿಂದ ಒಂದೇ ಕೊಂಬೆಗೆ ಬಂದು ಕೂತರು.

"ನನಗಿರುವುದು ಒಂದೇ ಬೆನ್ನು! ಇಟ್ಟಿಗೆಗಿಂತ ನಿಮ್ಮ ಮಾತು ಹೊತ್ತೇ ಅದು ಮುರಿದಿದೆ. ಈಗ ನನ್ನೆದುರೇ ನೀವು ನೀವು ಮಾತಾಡಿಕೊಳ್ಳಿ!" ಎಂದು ಅಬ್ಬರಿಸಿತು.

ಗೂಬೆ ಗಂಟಲು ಸರಿಮಾಡಿಕೊಂಡು ಮರಕುಟಿಗನನ್ನು ಕೇಳಿತು: "ತಾವೂ ಇದೇ ಮರದಲ್ಲಿದ್ದೀರಾ?"