ಬದಲಿಸದ ಟೈರು

ಹಳೆಯ ಕಾರುಗಳ ರ್ಯಾಲಿಗೆ ಹೊರಡುವ ಬೆಳಿಗ್ಗೆ ಮುಂದಿನ ಟೈರು ಕಾರಿಗೆ ಹೇಳಿತು: "ಯಜಮಾನರೇ, ನನ್ನ ಮೈಯೆಲ್ಲ ಬಿರುಕು ಬಿಟ್ಟಿದೆ. ಬೆಟ್ಟದ ಇಳಿಜಾರು ನನ್ನಿಂದಾಗದು. ಹೊಸಬನನ್ನು ಹಾಕಿಸಿಕೊಳ್ಳಿ."

"ನೀನು ಕಾರ್ಖಾನೆಯಿಂದಲೇ ನನ್ನ ಜೊತೆ ಬಂದವನು. ನಿನ್ನನ್ನು ಬಿಚ್ಚಿದರೆ ಹತ್ತು ಅಂಕ ಕಳೆಯುತ್ತಾರೆ. ಸುಮ್ಮನೆ ಉರುಳು" ಎಂದಿತು ಕಾರು.

ಬೆಟ್ಟದ ತುದಿಯಲ್ಲಿ, ಯಾವ ಭಾಗವನ್ನೂ ಬದಲಿಸದ ಕಾರೆಂದು ತೀರ್ಪುಗಾರರು ಅದಕ್ಕೇ ಮೊದಲ ಬಹುಮಾನ ಕೊಟ್ಟರು. ಬಹುಮಾನ ಹೊತ್ತು ಬೆಟ್ಟ ಇಳಿಯುವಾಗ ಟೈರು ಸಿಡಿಯಿತು. ಕಾರು ಬಂಡೆಗೆ ಬಡಿದು ನಡು ಮುರಿದುಕೊಂಡಿತು.

ಎತ್ತಲು ಬಂದ ಕ್ರೇನು ಕೇಳಿತು: "ಎಲ್ಲವೂ ಹಳೆಯ ಭಾಗಗಳೇ?"

"ಒಂದನ್ನೂ ಬದಲಿಸಿಲ್ಲ" ಎಂದಿತು ಕಾರು, ಬಿದ್ದಲ್ಲಿಂದಲೇ ಬೀಗುತ್ತ.

"ಒಳ್ಳೆಯದಾಯಿತು. ನಿಮ್ಮ ದೀಪ ಯಾರಿಗೆ, ಬಾಗಿಲು ಯಾರಿಗೆ ಎಂದು ರ್ಯಾಲಿಯ ಉಳಿದ ಕಾರುಗಳು ಆಗಲೇ ಜಗಳ ಶುರುಮಾಡಿವೆ."