ಬಾಯ್ತುಂಬ ಮರಿ

ಗುರುಪಾದ ಮಠಕ್ಕೆ ಸೇರಿದ ವರ್ಷವೇ ಸಂತೆಯಲ್ಲಿ ಒಂದು ಟಬ್ಬು ಕಂಡ. ತಳ ಮುಚ್ಚುವಷ್ಟೇ ನೀರಲ್ಲಿ ಜಿಲೇಬಿ ಮೀನುಗಳು ಬಾಯಿ ಬಾಯಿ ಬಿಡುತ್ತಿದ್ದವು.

ಅಯ್ಯೋ ಪಾಪ ಅನ್ನಿಸಿತು. ಅಷ್ಟನ್ನೂ ಕೊಂಡು ತಂದು ಮಠದ ಕೆರೆಗೆ ಸುರಿದ.

ಯಾರಿಗೂ ಹೇಳಲಿಲ್ಲ. ಗುಟ್ಟಾಗಿ ಮಾಡಿದ ಪುಣ್ಯಕ್ಕೆ ತೂಕ ಜಾಸ್ತಿ ಅಂತ ಅವನ ಎಣಿಕೆ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಇರಲಿ.

ಮಠದ ಕೆರೆಗೆ ಯಾರೂ ಬಲೆ ಹಾಕುವ ಹಾಗಿರಲಿಲ್ಲ. ಹಿಂದಿನಿಂದ ಬಂದ ಕಟ್ಟಳೆ. ಮೀನುಗಳು ನಿಶ್ಚಿಂತೆಯಾಗಿ ಹೆಚ್ಚಿದವು.

ಮಳೆ ಕೈಕೊಟ್ಟು ಎರಡು ವರ್ಷ ಕೆರೆ ಕೋಡಿ ಬೀಳಲಿಲ್ಲ. ಮರುಬೇಸಿಗೆಗೆ ನೀರು ಇಂಗಿ ನಡುವೆ ಒಂದು ಮಡು ಉಳಿಯಿತು.

ಕೆಳಗಿನ ಕೆರೆಯಲ್ಲಿ ಮೀನು ಹಿಡಿದು ಬದುಕುವ ಬೆಸ್ತರ ಚೌಡಮ್ಮ ಬಲೆ ಹೊತ್ತು ಆ ದಾರಿಯಲ್ಲಿ ಹೋಗುತ್ತ ಇಣುಕಿ ನೋಡಿದಳು. ನೇರ ಗುರುಗಳ ಹತ್ತಿರ ಬಂದಳು.

“ಬುದ್ಧಿ, ನಿಮ್ಮ ಕೆರೇಲಿ ಪಕ್ಕೆ ಮೀನಿಲ್ಲ, ಗೆಂಡೆ ಮೀನಿಲ್ಲ, ಬರೀ ಜಿಲೇಬಿ. ಬೇರೆ ಮೀನಿನ ಮೊಟ್ಟೆ ತಿಂದು ಹಾಕ್ತವೆ. ತಮ್ಮವನ್ನ ಮಾತ್ರ ಬಾಯೊಳಗಿಟ್ಟು ಕಾಯ್ತವೆ. ಬೆರಳುದ್ದ ಆಗೋದ್ರೊಳಗೆ ಮರಿ ಮಾಡ್ತವೆ, ಆಮೇಲೆ ಬೆಳೆಯೋದಿಲ್ಲ, ಅಷ್ಟು ಸಣ್ಣವನ್ನ ಕೊಳ್ಳೋರು ಯಾರು? ಈ ಸಲ ಕೋಡಿ ಬಿದ್ರೆ ನಮ್ಮ ಕೆರೆಗೂ ಇಳೀತವೆ. ಮಾಡಿದ್ದುಣ್ಣೋ ಮಾರಾಯ ಅಂತಾರೆ. ಇಲ್ಲಿ ಮಾಡಿದ್ದು ಮಠ, ಉಣ್ಣೋದು ನಾವಾ?”

ಗುರುಗಳು ಶಿಷ್ಯರ ಕಡೆ ತಿರುಗಿದರು. “ಯಾರು ಬಿಟ್ಟಿದ್ದು?”

“ನಾನೇ, ಬುದ್ಧಿ,” ಅಂದ ಗುರುಪಾದ. “ಸಾಯ್ತಾ ಇದ್ವು. ದಯೆ ಬಂತು.”

ಗುರುಗಳು ಚೌಡಮ್ಮನ ಬಲೆ ಇಸಿದುಕೊಂಡು ಅವನ ಮುಂದೆ ಚಾಚಿದರು.

“ಮಳೆ ಬರೋದ್ರೊಳಗೆ ಮಡು ಬರಿದಾಗಬೇಕು. ಒಂದೂ ಉಳೀಬಾರದು.”

“ಕೊಲ್ಲೋದಾ? ಮಠದವನು ನಾನು!”

“ಹೌದಪ್ಪ. ನೀನೇ.”

ಗುರುಪಾದ ಕೈ ಚಾಚಲಿಲ್ಲ. ಗುರುಗಳು ಕೆರೆಗೆ ನಡೆದು, ಕಾವಿ ಎತ್ತಿ ಕಟ್ಟಿ, ಆ ವಯಸ್ಸಿನಲ್ಲಿ ತಾವೇ ಕೆಸರಿಗೆ ಇಳಿದರು. ಅದನ್ನು ನೋಡಲಾರದೆ ಅವನೂ ಇಳಿದ.

ಮೂವರೂ ಎಳೆದರು. ದಡದ ಮೇಲೆ ಮೀನಿನ ರಾಶಿ ಪಟಪಟ ಬಡಿದುಕೊಂಡು ತಣ್ಣಗಾಯಿತು. ಗುರುಪಾದ ಬಿಕ್ಕಿ ಬಿಕ್ಕಿ ಅತ್ತ.

“ಅಳೋದಾದ್ರೆ ಅಳಿ ಸ್ವಾಮಿ,” ಅಂದಳು ಚೌಡಮ್ಮ, “ಬಲೆ ಮಾತ್ರ ಬಿಡಬೇಡಿ.”

ಸಂಜೆ ಹೊತ್ತಿಗೆ ಮೋಡ ಕವಿಯಿತು. ಬಲೆ ಬರಿದೇ ಬಂತು.

“ಎಲ್ಲಾ ಆಯ್ತಾ?” ಅಂದರು ಗುರುಗಳು.

ಗುರುಪಾದ ಬಲೆಯ ಕೆಸರು ತೊಳೆಯತೊಡಗಿದ.

“ಆಯ್ತಾ?”

“ಒಂದನ್ನ ಮಾತ್ರ ವಾಪಸ್ ಬಿಟ್ಟೆ, ಬುದ್ಧಿ. ಕೈಯಲ್ಲಿ ಹಿಡಿದಾಗ ಬಾಯಿಂದ ಮರಿಗಳು ಉದುರಿದವು. ಅವನ್ನ ಮತ್ತೆ ಬಾಯಿಗೆ ತಗೊಳ್ಳೋಕೆ ಒದ್ದಾಡ್ತಿತ್ತು. ತಾಯಿ, ಬುದ್ಧಿ. ನನ್ನ ಕೈಲಾಗಲಿಲ್ಲ.”

ಚೌಡಮ್ಮ ಕೆಸರಲ್ಲೇ ಕುಸಿದು ಕೂತಳು.

ಗುರುಗಳು ಮತ್ತೆ ಬಲೆ ಬೀಸಿದರು. ಏನೂ ಬರಲಿಲ್ಲ. ಇನ್ನೊಂದು ಸಲ ಬೀಸುವಷ್ಟರಲ್ಲಿ ಮಳೆ ಹಿಡಿಯಿತು. ಎಂಥ ಮಳೆ! ಎದುರಿಗಿದ್ದವರ ಮುಖ ಕಾಣದಂಥ ಮಳೆ. ಮೂವರೂ ಕೆರೆಯ ಏರಿ ಹತ್ತಿ ನಿಂತರು.

ಬೆಳಗಾದರೂ ಬಿಡಲಿಲ್ಲ. ದಿನವೆಲ್ಲ ಸುರಿಯಿತು, ವಾರವೆಲ್ಲ ಸುರಿಯಿತು. ಕೆರೆ ತುಂಬಿ ಕೋಡಿ ಬಿತ್ತು.

ಗುರುಪಾದ ಕೋಡಿಯ ಬಳಿ ಗುರುಗಳ ಕಾಲು ಹಿಡಿದ. “ನನಗೇನು ಪ್ರಾಯಶ್ಚಿತ್ತ, ಬುದ್ಧಿ? ಏನು ಹೇಳಿದ್ರೂ ಮಾಡ್ತೀನಿ.”

ಕೆಳಗಿನ ಕೆರೆಗೆ ಹರಿದು ಹೋಗುವ ಕೆಂಪು ನೀರನ್ನು ಗುರುಗಳು ನೋಡುತ್ತಿದ್ದರು.

“ಚೌಡಮ್ಮನ ಕೇರಿಗೆ ಹೋಗು. ಮನೆ ಮನೆ ಬಾಗಿಲು ತಟ್ಟಿ ಹೇಳು, ನಿನ್ನ ದಯೆ ಬರ್ತಾ ಇದೆ ಅಂತ.”